ಜೋಬ್ರಯತ್

ಜೋಬ್ರಯತ್ (ಡಿಸೆಂಬರ್ ೧೪, ೧೯೪೬ – ಆಗಸ್ಟ್ ೧೯೮೩) ಅಮೆರಿಕದ ಗಾಯಕ, ಗೀತರಚನಕಾರ ಮತ್ತು ನಟ. ಮೂಲ ಹೆಸರು ಬ್ರೂಸ್ ವೇಯ್ನ್ ಕ್ಯಾಂಪ್‌ಬೆಲ್. ೧೯೭೦ರ ದಶಕದ ಗ್ಲ್ಯಾಮ್ ರಾಕ್ ಸಂಗೀತಕ್ಕೆ ಸೇರಿದವನು. ಮುಖಕ್ಕೆ ಬಣ್ಣ, ಹೊಳೆಯುವ ಉಡುಪು, ನಾಟಕೀಯ ಹಾವಭಾವಗಳು ಈ ಪ್ರಕಾರದ ಲಕ್ಷಣಗಳು. ತಾನು ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡು ದೊಡ್ಡ ಧ್ವನಿಮುದ್ರಣ ಸಂಸ್ಥೆಯ ಒಪ್ಪಂದ ಪಡೆದ ಮೊದಲ ರಾಕ್ ಗಾಯಕನೆಂದು ಈತನನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಆರಂಭಿಕ ಜೀವನ

ಪೆನ್ಸಿಲ್ವೇನಿಯಾದಲ್ಲಿ ಬೆಳೆದ ಈತ ಬಾಲ್ಯದಲ್ಲಿಯೇ ಪಿಯಾನೊ ವಾದನದಲ್ಲಿ ಅಸಾಧಾರಣ ಪ್ರತಿಭೆ ತೋರಿದನು. ಸೈನ್ಯಕ್ಕೆ ಸೇರಿದರೂ ಅಲ್ಲಿ ನಿಲ್ಲದೆ ತಪ್ಪಿಸಿಕೊಂಡು ಲಾಸ್ ಏಂಜಲೀಸ್ ತಲುಪಿ ಹೆಸರು ಬದಲಿಸಿಕೊಂಡನು. ೧೯೬೮ರಲ್ಲಿ ಅಲ್ಲಿನ 'ಹೇರ್' ಸಂಗೀತ ನಾಟಕದಲ್ಲಿ ವೂಫ್ ಎಂಬ ಪಾತ್ರ ವಹಿಸಿದನು. ಮರುವರ್ಷ 'ಪಿಜನ್' ಎಂಬ ತಂಡದೊಡನೆ ಒಂದು ಆಲ್ಬಂ ಹೊರತಂದನು. ಮುಂದೆ ಸೈನ್ಯದ ಪೊಲೀಸರ ಕೈಗೆ ಸಿಕ್ಕಿ, ಕೆಲಕಾಲ ಸೇನೆಯ ಮಾನಸಿಕ ಚಿಕಿತ್ಸಾಲಯದಲ್ಲಿ ಇರಬೇಕಾಯಿತು.

ಪ್ರಚಾರ ಮತ್ತು ಸೋಲು

ಈತನ ಹಾಡುಗಳ ಮಾದರಿ ಮುದ್ರಿಕೆಯನ್ನು ಕೇಳಿದ ಜೆರ್ರಿ ಬ್ರಾಂಟ್ ಗಾಯಕನನ್ನು ಹುಡುಕಿಕೊಂಡು ಹೋಗಿ ವ್ಯವಸ್ಥಾಪಕನಾದನು. ಎಲೆಕ್ಟ್ರಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಅದರ ಮೊತ್ತ ಐದು ಲಕ್ಷ ಡಾಲರ್ ಎಂದು ಸಾರಲಾಯಿತಾದರೂ ಆ ಅಂಕಿ ವಿವಾದಾಸ್ಪದ. ೧೯೭೩ರಲ್ಲಿ ಮೊದಲ ಆಲ್ಬಂ 'ಜೋಬ್ರಯತ್' ಬಿಡುಗಡೆಯಾಯಿತು. ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಗಾಯಕನನ್ನು ಒಡೆದ ನಗ್ನ ಶಿಲ್ಪದಂತೆ ತೋರಿಸುವ ಬೃಹತ್ ಫಲಕ ಎದ್ದಿತು. ನಗರದ ಬಸ್ಸುಗಳ ಮೇಲೂ ಅದೇ ಚಿತ್ರ. ಪ್ಯಾರಿಸ್ ಒಪೆರಾದಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಪ್ರತಿಕೃತಿಯನ್ನು ಕಿಂಗ್‌ಕಾಂಗ್ ವೇಷದಲ್ಲಿ ಏರುವ ಪ್ರದರ್ಶನವನ್ನು ಘೋಷಿಸಿ, ಬಳಿಕ ಕೈಬಿಡಲಾಯಿತು. ಹಾಡು ಕಿವಿಗೆ ಬೀಳುವ ಮೊದಲೇ ಹೆಸರು ಕೇಳಿ ಕೇಳಿ ಜನ ಬೇಸತ್ತಿದ್ದರು.

ಆದರೆ ಸೋಲಿಗೆ ಅತಿಪ್ರಚಾರವೊಂದೇ ಕಾರಣವೆನ್ನುವುದು ಪೂರ್ತಿ ಸರಿಯಲ್ಲ. ೧೯೭೩ರ ಡಿಸೆಂಬರ್‌ವರೆಗೂ ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಲ್ಲಿಯೇ ಇರಿಸಿತ್ತು. ಡೇವಿಡ್ ಬೋವಿಯಂಥವರಲ್ಲಿ ವೇಷವೆಂದು ಮೆಚ್ಚಿಕೊಂಡದ್ದನ್ನೇ, ಅದು ವೇಷವಲ್ಲವೆಂದು ಹೇಳಿದವನಲ್ಲಿ ಸಹಿಸಲು ಅನೇಕರು ಸಿದ್ಧರಿರಲಿಲ್ಲ. ಕೆಲವು ವಿಮರ್ಶಕರು ಪಿಯಾನೊ ಪ್ರಧಾನವಾದ, ರಂಗಸಂಗೀತದ ಛಾಯೆಯುಳ್ಳ ಈ ಗೀತೆಗಳನ್ನು ಹೊಗಳಿದರು. ಮಾರಾಟ ಮಾತ್ರ ಆಗಲಿಲ್ಲ. ೧೯೭೪ರಲ್ಲಿ ಬಂದ ಎರಡನೆಯ ಆಲ್ಬಂ 'ಕ್ರೀಚರ್ಸ್ ಆಫ್ ದ ಸ್ಟ್ರೀಟ್' ಕೂಡ ಗಮನ ಸೆಳೆಯಲಿಲ್ಲ. ಪ್ರವಾಸದ ನಡುವೆಯೇ ಸಂಸ್ಥೆ ಕೈಬಿಟ್ಟಿತು. ಆದರೂ ಜೋಬ್ರಯತ್ ಮತ್ತು ಆತನ 'ಕ್ರೀಚರ್ಸ್' ತಂಡ ಪ್ರವಾಸವನ್ನು ಮುಗಿಸಿದರು. ಅಲಬಾಮ ವಿಶ್ವವಿದ್ಯಾಲಯದಲ್ಲಿ ನಡೆದ ಕೊನೆಯ ಕಾರ್ಯಕ್ರಮದಲ್ಲಿ ಪ್ರೇಕ್ಷಕರು ಐದು ಬಾರಿ ಅವರನ್ನು ವೇದಿಕೆಗೆ ಮರಳಿ ಕರೆದರಂತೆ.

ನಂತರದ ವರ್ಷಗಳು

೧೯೭೫ರಲ್ಲಿ ಈತ ನಿವೃತ್ತಿ ಘೋಷಿಸಿದನು. ನ್ಯೂಯಾರ್ಕಿನ ಚೆಲ್ಸಿ ಹೋಟೆಲಿನ ಮೇಲ್ಛಾವಣಿಯ ಪಿರಮಿಡ್ ಆಕಾರದ ಮನೆಯಲ್ಲಿ ವಾಸಿಸುತ್ತ, ಕೋಲ್ ಪೋರ್ಟರ್ ಮತ್ತು ಅರ್ವಿಂಗ್ ಬರ್ಲಿನ್ ಎಂಬ ಸಂಗೀತಕಾರರ ಹೆಸರುಗಳನ್ನು ಕೂಡಿಸಿ 'ಕೋಲ್ ಬರ್ಲಿನ್' ಎಂದು ಕರೆದುಕೊಂಡು, ಹಳೆಯ ಗೀತೆಗಳನ್ನು ಹಾಡಿ ಜೀವನ ಸಾಗಿಸಿದನು. ಏಡ್ಸ್‌ನಿಂದ ೩೬ನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಆ ರೋಗಕ್ಕೆ ಬಲಿಯಾದ ಮೊದಲ ಪ್ರಸಿದ್ಧ ಸಂಗೀತಗಾರರಲ್ಲಿ ಈತನೂ ಒಬ್ಬ.

ಈ ಮರಣದ ಸುದ್ದಿ ಹೆಚ್ಚು ಹರಡಲೇ ಇಲ್ಲ. ೧೯೯೨ರಲ್ಲಿ ಬ್ರಿಟಿಷ್ ಗಾಯಕ ಮಾರಿಸಿ ತನ್ನ ಪ್ರವಾಸದಲ್ಲಿ ಹಾಡಲು ಈತನನ್ನು ಹುಡುಕಿಸಿ, ತೀರಿಹೋಗಿರುವುದನ್ನು ಆಗ ತಿಳಿದನು. ಮಾರಿಸಿಯ ಪ್ರಯತ್ನದಿಂದ ೨೦೦೪ರಲ್ಲಿ 'ಲೋನ್ಲಿ ಪ್ಲಾನೆಟ್ ಬಾಯ್' ಎಂಬ ಸಂಕಲನ ಪ್ರಕಟವಾಯಿತು. ೨೦೧೨ರಲ್ಲಿ ಕೀರನ್ ಟರ್ನರ್ ನಿರ್ದೇಶಿಸಿದ ಸಾಕ್ಷ್ಯಚಿತ್ರ 'ಜೋಬ್ರಯತ್ ಎ.ಡಿ.' ತೆರೆಕಂಡಿತು.