ರಕ್ತದಲ್ಲಿ ಹುಳು ಕಂಡ ವೈದ್ಯ

ಮೂತ್ರದಲ್ಲಿ ರಕ್ತ ಹೋಗುವುದು ಈಜಿಪ್ಟಿನ ರೈತಾಪಿ ಜನರಿಗೆ ತಲೆತಲಾಂತರದಿಂದ ಪರಿಚಿತವಾಗಿದ್ದ ಕಾಯಿಲೆ. ಸುಮಾರು ಮೂರು ಸಾವಿರ ವರ್ಷ ಹಳೆಯ ಮಮ್ಮಿಗಳ ಮೂತ್ರಪಿಂಡಗಳಲ್ಲೂ ಅದರ ಕುರುಹು 1910ರಲ್ಲಿ ಸಿಕ್ಕಿತು. ಆದರೆ ಈ ರಕ್ತಸ್ರಾವದ ಹಿಂದಿರುವುದು ಒಂದು ಹುಳು ಎಂಬ ಸತ್ಯ ಹೊರಬಿದ್ದದ್ದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಥಿಯೋಡೋರ್ ಬಿಲ್‌ಹಾರ್ಜ್ ಎಂಬ ತರುಣ ವೈದ್ಯನಿಂದ.

ಜರ್ಮನಿಯ ಸಿಗ್ಮರಿಂಗನ್‌ನಲ್ಲಿ 1825ರಲ್ಲಿ ಜನಿಸಿದ ಬಿಲ್‌ಹಾರ್ಜ್, 1850ರಲ್ಲಿ ಗುರು ಗ್ರೀಸಿಂಗರ್ ಜೊತೆ ಕೈರೋಗೆ ಬಂದ. ಗುರು ಎರಡೇ ವರ್ಷಗಳಲ್ಲಿ ಸ್ವದೇಶಕ್ಕೆ ಮರಳಿದರೂ ಶಿಷ್ಯ ಅಲ್ಲೇ ಉಳಿದ. ಕಸರ್ ಅಲ್ ಐನಿ ಆಸ್ಪತ್ರೆಯಲ್ಲಿ ಶವಪರೀಕ್ಷೆ ನಡೆಸುತ್ತಿದ್ದಾಗ, 1851ರಲ್ಲಿ, ಯಕೃತ್ತಿಗೆ ರಕ್ತ ಒಯ್ಯುವ ಅಭಿಧಮನಿಯಲ್ಲಿ ಬಿಳಿಯ ಉದ್ದನೆಯ ಹುಳುಗಳು ಆತನ ಕಣ್ಣಿಗೆ ಬಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಡುಹುಳುವಿನ ಮೈಯ ಮಡಿಕೆಯೊಳಗೆ ತೆಳ್ಳನೆಯ ಹೆಣ್ಣುಹುಳು! ಇಂಥ ವಿಚಿತ್ರ ದಾಂಪತ್ಯವನ್ನು ಕಂಡ ಆತ ಬೆರಗಾಗಿರಲೇಬೇಕು. ಮರುವರ್ಷ ಮೂತ್ರಕೋಶದ ಗೋಡೆಯಲ್ಲಿ ಮುಳ್ಳಿನ ತುದಿಯುಳ್ಳ ಮೊಟ್ಟೆಗಳನ್ನು ಗುರುತಿಸಿ, ರಕ್ತಮೂತ್ರಕ್ಕೂ ಹುಳುವಿಗೂ ಇರುವ ನಂಟನ್ನು ಬಿಡಿಸಿಟ್ಟ. ಈ ಶೋಧದ ವಿವರಗಳು ಜಗತ್ತಿಗೆ ತಲುಪಿದ್ದು ಇನ್ನೊಬ್ಬ ಗುರು ಸೀಬೋಲ್ಡ್‌ಗೆ ಆತ ಬರೆದ ಪತ್ರಗಳ ಮೂಲಕ.

ಆದರೆ ಹುಳು ದೇಹ ಹೊಕ್ಕುವುದು ಹೇಗೆ? ಅದು ಬಿಲ್‌ಹಾರ್ಜ್‌ಗೆ ಕೊನೆಗೂ ತಿಳಿಯಲಿಲ್ಲ. ಅದು ತಿಳಿಯದೆ ರೈತನಿಗೆ ಎಚ್ಚರಿಕೆ ಹೇಳುವುದಾದರೂ ಹೇಗೆ? ಕೈರೋದಲ್ಲಿ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕನಾದ, ನೈಲ್ ನದಿಯ ವಿದ್ಯುತ್ ಮೀನಿನ ಮೇಲೆ ಗ್ರಂಥ ಬರೆದ. 1862ರಲ್ಲಿ ಜರ್ಮನ್ ದೊರೆಯೊಬ್ಬನ ಪರಿವಾರದೊಡನೆ ಕೆಂಪು ಸಮುದ್ರದ ದಡದ ಮಸಾವಾಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು, ಕೈರೋದಲ್ಲೇ ಕೊನೆಯುಸಿರೆಳೆದ. ಆಗ ವಯಸ್ಸು ಕೇವಲ 37.

ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಮೂತ್ರದೊಂದಿಗೆ ನೀರು ಸೇರಿದ ಮೊಟ್ಟೆ ಒಡೆದು, ಮರಿ ಬಸವನಹುಳುವಿನೊಳಗೆ ಬೆಳೆದು, ಮತ್ತೆ ನೀರಿಗಿಳಿದವರ ಚರ್ಮ ಕೊರೆದು ಒಳನುಗ್ಗುತ್ತದೆಂದು ಬ್ರಿಟಿಷ್ ವಿಜ್ಞಾನಿ ಲೀಪರ್ 1915ರಲ್ಲಿ ಈಜಿಪ್ಟಿನಲ್ಲೇ ತೋರಿಸಿಕೊಟ್ಟರು. ವರ್ಷವಿಡೀ ಬೆಳೆ ತೆಗೆಯಲೆಂದು ತೋಡಿದ ಕಾಲುವೆಗಳೇ ರೋಗದ ತವರಾಗಿದ್ದವು. ಚಿಕಿತ್ಸೆಯ ಕಥೆಯೂ ಸುಖಕರವಲ್ಲ: ಕಳೆದ ಶತಮಾನದ ಉತ್ತರಾರ್ಧದಲ್ಲಿ ಈಜಿಪ್ಟ್ ಹಳ್ಳಿಹಳ್ಳಿಗಳಲ್ಲಿ ನೀಡಿದ ಚುಚ್ಚುಮದ್ದಿನ ಸೂಜಿಗಳು ಸರಿಯಾಗಿ ಶುದ್ಧವಾಗದೆ ಹೆಪಟೈಟಿಸ್ ಸಿ ಹಬ್ಬಿತು. ನುಂಗುವ ಮಾತ್ರೆ ಬಂದ ಮೇಲಷ್ಟೇ ಆ ಅಪಾಯ ತಪ್ಪಿತು.

ವಿಜ್ಞಾನಿಗಳು ಈಗ ಹುಳುವನ್ನು ಶಿಸ್ಟೋಸೋಮ ಎನ್ನುತ್ತಾರೆ. ನೈಲ್ ದಡದ ಜನ ಮಾತ್ರ ತಮ್ಮ ಕಾಯಿಲೆಯನ್ನು ಇಂದಿಗೂ ಆ ಜರ್ಮನ್ ವೈದ್ಯನ ಹೆಸರಿನಿಂದಲೇ, ಬಿಲ್‌ಹಾರ್ಸಿಯ ಎಂದೇ ಕರೆಯುತ್ತಾರೆ.