ಕಪಾಲ ತೆರೆಯದ ಶಸ್ತ್ರಚಿಕಿತ್ಸೆಯ ಕರ್ತೃ ಡಾ. ಲಾರ್ಸ್ ಲೆಕ್ಸೆಲ್

ಮಾನವನ ಮೆದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ದೇಹದ ಇತರ ಹಲವು ನಿರ್ನಾಳ ಗ್ರಂಥಿಗಳನ್ನು ಆಳುವ ಈ ಪುಟ್ಟ ಅಂಗದಲ್ಲಿ ಗಡ್ಡೆ ಬೆಳೆದು ಹಾರ್ಮೋನು ಮಿತಿಮೀರಿದರೆ ಕೆಲವರ ಕೈಕಾಲು, ದವಡೆಗಳು ವಿಕಾರವಾಗಿ ದಪ್ಪವಾಗುತ್ತವೆ. ಕೆಲವರ ಮುಖ ಊದಿ, ರಕ್ತದೊತ್ತಡವೇರಿ, ಮೂಳೆ ಸವೆಯುತ್ತದೆ. ಇಂಥ ರೋಗಿಗಳಿಗೆ ತಲೆಬುರುಡೆ ತೆರೆಯದೆಯೇ ಉಪಶಮನ ನೀಡುವ ಮಾರ್ಗವನ್ನು ತೋರಿದ ಮಹನೀಯರು ಸ್ವೀಡನ್ನಿನ ಡಾ. ಲಾರ್ಸ್ ಲೆಕ್ಸೆಲ್.

1907ರ ನವೆಂಬರ್ 23ರಂದು ಜನಿಸಿದ ಲೆಕ್ಸೆಲ್ ಅವರು ಸ್ಟಾಕ್‌ಹೋಮಿನಲ್ಲಿ ಹೆಸರಾಂತ ಶಸ್ತ್ರವೈದ್ಯ ಹರ್ಬರ್ಟ್ ಒಲಿವೆಕ್ರೋನಾ ಅವರ ಬಳಿ ಪಳಗಿದರು. ಅಂದು ಮೆದುಳಿನ ಶಸ್ತ್ರಕ್ರಿಯೆಯೆಂದರೆ ಪ್ರಾಣವನ್ನೇ ಪಣಕ್ಕಿಡುವ ಕಾರ್ಯ. ಗುರುವಿನಿಂದ ಕಲಿತ ವಿದ್ಯೆಯನ್ನು ಗೌರವಿಸಿದ ಶಿಷ್ಯ, ಆ ವಿದ್ಯೆಯ ಕ್ರೌರ್ಯವನ್ನು ತಗ್ಗಿಸುವ ಹಂಬಲ ತಳೆದರು. 1949ರಲ್ಲಿ, ಮೆದುಳಿನೊಳಗಿನ ಯಾವುದೇ ಬಿಂದುವನ್ನು ನಿಖರವಾಗಿ ಗುರುತಿಸಬಲ್ಲ ಲೋಹದ ಚೌಕಟ್ಟನ್ನು ಲೋಕದ ಮುಂದಿಟ್ಟರು. ಕತ್ತಿಯ ಬದಲು ಕಿರಣವನ್ನು ಬಳಸುವ ವಿಚಾರವನ್ನು 1951ರಲ್ಲಿ ಪ್ರಕಟಿಸಿದರು.

ಪಿಟ್ಯುಟರಿ ಗಡ್ಡೆಗೆ ಎಕ್ಸ್-ಕಿರಣ ಹಾಯಿಸುವ ಪ್ರಯತ್ನ 1909ರಲ್ಲಿಯೇ ಪ್ಯಾರಿಸಿನಲ್ಲಿ ನಡೆದಿತ್ತು. ಆದರೆ ಕಿರಣವು ಸುತ್ತಲಿನ ಆರೋಗ್ಯಕರ ಭಾಗವನ್ನೂ ತಾಗುತ್ತಿತ್ತು. ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಅವರ ಸಹಕಾರದಿಂದ ಲೆಕ್ಸೆಲ್ ಈ ತೊಡಕನ್ನು ಬಿಡಿಸಿದರು. 1968ರಲ್ಲಿ ಸಿದ್ಧವಾದ ಅವರ ಯಂತ್ರದಲ್ಲಿ 179 ಕೋಬಾಲ್ಟ್ ಆಕರಗಳಿದ್ದವು. ಒಂದೊಂದು ಕಿರಣವೂ ದುರ್ಬಲ. ಎಲ್ಲವೂ ಕೂಡುವ ಬಿಂದುವಿನಲ್ಲಿ ಮಾತ್ರ ಪ್ರಬಲ. ಅದೇ ಗಾಮಾ ನೈಫ್.

ಇದರ ಫಲ ತಕ್ಷಣದ್ದಲ್ಲ. ಹುಳಿಯಾರು, ತಿಪಟೂರು ಸೀಮೆಯ ಅಟ್ಟಗಳಲ್ಲಿ ಒಡೆಯದ ಕಾಯಿಯೊಳಗೇ ಕೊಬ್ಬರಿ ಒಣಗಲು ತಿಂಗಳುಗಳು ಹಿಡಿಯುವಂತೆ, ಕಿರಣ ತಾಗಿದ ಗಡ್ಡೆಯ ಹಾರ್ಮೋನು ಹದಕ್ಕೆ ಬರಲು ತಿಂಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಗಡ್ಡೆಯ ಸನಿಹದಲ್ಲಿಯೇ ಇರುವ ದೃಷ್ಟಿನರವನ್ನು ಕಾಯಬೇಕು. ಗ್ರಂಥಿ ಸೊರಗಿ ಹಾರ್ಮೋನಿನ ಕೊರತೆಯಾಗುವುದೂ ಉಂಟು. ಆದುದರಿಂದ ಇಂದಿಗೂ ಬಹುತೇಕ ರೋಗಿಗಳಿಗೆ ಔಷಧ ಅಥವಾ ಮೂಗಿನ ಮೂಲಕ ಮಾಡುವ ಶಸ್ತ್ರಕ್ರಿಯೆಯೇ ಮೊದಲು. ಗಡ್ಡೆ ಉಳಿದಾಗ, ಮರುಕಳಿಸಿದಾಗ ವಿಕಿರಣ.

1986ರ ಜನವರಿ 12ರಂದು ಲೆಕ್ಸೆಲ್ ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು. ಅವರ ಸಾಧನ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಬಂದಿದೆ. ರೋಗಿಯ ನೋವನ್ನು ಕಡಿಮೆ ಮಾಡುವುದೇ ವಿದ್ಯೆಯ ಸಾರ್ಥಕತೆಯೆಂದು ಬಾಳಿ ತೋರಿದ ಈ ವೈದ್ಯರ ಜೀವನ, ಕಲಿಸುವವರಿಗೂ ಕಲಿಯುವವರಿಗೂ ದಾರಿದೀಪ.