ನಂಜನಗೂಡಿನ ನಾಗರತ್ನಮ್ಮ, ಮದ್ರಾಸಿನಲ್ಲಿ ಜಪ್ತಿಯಾದ ಕಾವ್ಯ

ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ ಎಂಬುದು ಸಂಗೀತಪ್ರಿಯರಿಗೆಲ್ಲ ಗೊತ್ತು. ಹಳೆಯ ಕಾವ್ಯವೊಂದನ್ನು ಶೋಧಿಸಿ ಅಚ್ಚು ಹಾಕಿಸಿದ್ದಕ್ಕೆ ಈ ಕನ್ನಡತಿ ಸರ್ಕಾರವನ್ನೇ ಎದುರು ಹಾಕಿಕೊಳ್ಳಬೇಕಾಯಿತು ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ. ತಾಯಿ ದೇವದಾಸಿ ಕುಲದವರು. ಸಂಗೀತ, ನೃತ್ಯಗಳ ಜತೆಗೆ ಸಂಸ್ಕೃತ, ತೆಲುಗುಗಳನ್ನೂ ಕಲಿತ ಹುಡುಗಿ ಮೈಸೂರು, ಬೆಂಗಳೂರುಗಳಲ್ಲಿ ಹೆಸರು ಮಾಡಿ ಮದ್ರಾಸಿಗೆ ಬಂದು ನೆಲೆಸಿದರು.

ಅಲ್ಲಿ ಅವರ ಕೈಗೆ ಸಿಕ್ಕಿದ್ದು 'ರಾಧಿಕಾ ಸಾಂತ್ವನಮು'. ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ 18ನೇ ಶತಮಾನದಲ್ಲಿ ಬರೆದ ತೆಲುಗು ಶೃಂಗಾರ ಕಾವ್ಯ. ಕೃಷ್ಣನ ಮೇಲೆ ಮುನಿಸಿಕೊಂಡ ರಾಧೆಯನ್ನು ಕೃಷ್ಣ ಸಮಾಧಾನಪಡಿಸುವ ಕಥೆ. ಹೆಣ್ಣಿನ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಕಾವ್ಯ. 1887ರಲ್ಲಿ ಅಚ್ಚಾಗಿದ್ದ ಪ್ರತಿಯಲ್ಲಿ ಕೆಲವು ಪದ್ಯಗಳೇ ಇರಲಿಲ್ಲ. ಕವಯಿತ್ರಿ ತನ್ನ ವಂಶದ ಬಗ್ಗೆ ಹೇಳಿಕೊಂಡ ಪೀಠಿಕೆಯೂ ಕಾಣೆಯಾಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿದರು, ಪಾಠ ಹೋಲಿಸಿದರು. 1910ರಲ್ಲಿ ಮದ್ರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣ ಕಾವ್ಯ ಹೊರಬಂತು.

ವಿರೋಧ ಬಂದದ್ದು ಸಂಪ್ರದಾಯಸ್ಥರಿಂದಲ್ಲ, ಸುಧಾರಕರಿಂದ. ವಿಧವಾ ವಿವಾಹಕ್ಕೆ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಅವರೇ ಇದು ಹೆಂಗಸರ ಕಿವಿಗೆ ಬೀಳಬಾರದ ಕಾವ್ಯವೆಂದು ಹಳಿದಿದ್ದರು. ನಾಗರತ್ನಮ್ಮ ಸುಮ್ಮನಾಗಲಿಲ್ಲ. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೇ, ಗಂಡಸರು ಬರೆದ ಇಂಥದೇ ಕಾವ್ಯಗಳಿಗೆ ಏಕೆ ಅಡ್ಡಿಯಿಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಪೊಲೀಸರು ಬಂದರು. 1911ರಲ್ಲಿ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಸಾರಿ ಪ್ರತಿಗಳನ್ನು ಜಪ್ತಿ ಮಾಡಿಸಿತು. ಪಂಡಿತರು, ಪ್ರಕಾಶಕರು ಸಲ್ಲಿಸಿದ ಮನವಿಗಳು ಫಲಿಸಲಿಲ್ಲ. ಬರೆದವಳೂ ದೇವದಾಸಿ, ಸಂಪಾದಿಸಿದವರೂ ದೇವದಾಸಿ. ಹೀಗಾಗಿ ಪಾಂಡಿತ್ಯದ ಮಾತು ಹಿಂದೆ ಸರಿದು, ಹುಟ್ಟಿನ ಮಾತೇ ಮುಂದೆ ಬಂತು.

ಕಪಿಲೆಯ ನೀರು ಕಾವೇರಿ ಸೇರಿ ನಮ್ಮ ಹೊಗೇನಕಲ್, ಮೆಟ್ಟೂರು ದಾಟಿ ತಿರುವಯ್ಯಾರು ತಲುಪುತ್ತದೆ. ನಾಗರತ್ನಮ್ಮನವರೂ ಕೊನೆಗೆ ಅಲ್ಲಿಗೇ ಹೋದರು. ಪಾಳುಬಿದ್ದಿದ್ದ ಸಮಾಧಿಯ ಸುತ್ತ ಜಾಗ ಕೊಂಡು ಕಟ್ಟಿಸಿದ ಮಂದಿರ 1926ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿಯೂ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಹೆಂಗಸರದೇ ಬೇರೆ ಆರಾಧನೆ ನಡೆಸಿದರು. 1941ರ ಹೊತ್ತಿಗೆ ಎಲ್ಲ ಬಣಗಳೂ ಒಂದಾದವು.

ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತದ ಸರ್ಕಾರದ ಮುಖ್ಯಸ್ಥರಾಗಿದ್ದಾಗ, ಸ್ವಾತಂತ್ರ್ಯ ಬರುವ ಹೊತ್ತಿಗೆ, ನಿಷೇಧ ತೆರವಾಯಿತು. 1952ರಲ್ಲಿ ವಾವಿಳ್ಳದವರು ಕಾವ್ಯವನ್ನು ಮತ್ತೆ ಅಚ್ಚು ಹಾಕಿದರು. ಅದೇ ವರ್ಷ ಮೇ 19ರಂದು ನಾಗರತ್ನಮ್ಮ ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಹತ್ತಿರವೇ ಅವರ ಸಮಾಧಿಯೂ ಇದೆ. ಆರಾಧನೆಗೆ ಹೋದವರು ಅಲ್ಲೊಮ್ಮೆ ನಿಂತು ಕೈಮುಗಿದು ಬರಬಹುದು. ಮುದ್ದುಪಳನಿಯ ಪದ್ಯಗಳು ಇಂದು ಓದಲು ಸಿಗುತ್ತಿದ್ದರೆ ಅದಕ್ಕೂ ಕಾರಣ ಅವರೇ.